ಗುಂಡಿಗೊಂದು ಗುರುತು

ಮಲ್ಲೇಶ್ವರದ ದೋಬಿಘಾಟಿನ ಹಿಂಬದಿ, ತಗಡಿನ ಚಾವಣಿ ಕೆಳಗೆ
ಮುನಿಚೌಡಪ್ಪನವರ ಲಾಂಡ್ರಿ. ಅಲ್ಲೊಂದು ಹಳೆಯ ಕಂಪ್ಯೂಟರು,
ಕೀಲಿಮಣೆಯ ಸಂದಿಯಲ್ಲೆಲ್ಲ ಗಂಜಿಪುಡಿ.
ನಾನು ಬರೆದುಕೊಟ್ಟದ್ದು: ಪರದೆ ತುಂಬ ಅರವತ್ತು ಗುಂಡಿ,
ಗೋಡೆಯ ಅರವತ್ತು ಗೂಡಿಗೆ ಒಂದೊಂದು.
ಗೂಡು ತುಂಬಿದರೆ ಹಸಿರು, ಖಾಲಿಯಾದರೆ ಬೂದಿ.

ಗುಂಡಿ ಅನ್ನೋ ಪದವೇ ಇಲ್ಲಿ ತಂಟೆ.
"ಹದಿನಾರರ ಗುಂಡಿ ಕೈಕೊಡ್ತು ಮೇಡಂ" ಅಂತ ಫೋನು ಬಂದರೆ
ಕೇಳಬೇಕು ನಾನು: ಪರದೆಯದಾ, ಅಂಗಿಯದಾ?
ಒಂದು ಸಲ ಎರಡೂ ಅಲ್ಲ,
ಹದಿನಾರನೇ ಅಡ್ಡರಸ್ತೆಯದು. ಗಾಡಿ ಮಗುಚಿ
ಇಸ್ತ್ರಿಯಾದ ಹನ್ನೆರಡು ಪಂಚೆ ಕೆಸರುಪಾಲು.

ಗುಂಡಿಯ ಮುಖದ ಮೇಲೆ ಬರೆಯಲು ಜಾಗ ಚೋಟುದ್ದ:
ಹೆಸರು, ಎಷ್ಟು ಬಟ್ಟೆ. ಮುಗಿಯಿತು.
ಉಳಿದದ್ದು?
ಕಾಲರಿಗೆ ಗಂಜಿ ತಾಗಿದರೆ ಕುತ್ತಿಗೆ ಕೆರೆಯುವ ವಕೀಲರು,
ಸೋಮವಾರ ಬೆಳಿಗ್ಗೆಯೇ ಬೇಕೆನ್ನುವ ನರ್ಸಮ್ಮನ ಬಿಳಿ ಕೋಟು,
ಗಂಡ ತೀರಿಕೊಂಡ ಮೇಲೂ ಅವರ ಸಫಾರಿಯನ್ನು
ತಿಂಗಳಿಗೊಮ್ಮೆ ತಂದುಕೊಡುವ ವಿಶಾಲಾಕ್ಷಿಬಾಯಿ,
ಒಗೆದದ್ದನ್ನೇ ಒಗೆಯುವುದು.
ಇದಕ್ಕೆಲ್ಲ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಆದರೆ ಪ್ರತಿ ಗುಂಡಿಗೂ ಬೆನ್ನಲ್ಲೊಂದು ಜೇಬಿದೆ,
ಟ್ಯಾಗ್ ಅಂತಾರೆ. ನೋಡುವವರಿಗೆ ಕಾಣುವುದಿಲ್ಲ,
ಯಂತ್ರಕ್ಕೂ ಅದರ ಉಸಾಬರಿ ಇಲ್ಲ;
ಏನಿಟ್ಟರೂ ಇಟ್ಟುಕೊಳ್ಳುತ್ತದೆ, ಕೇಳಿದರೆ ಮಾತ್ರ ಕೊಡುತ್ತದೆ.
ಅದರೊಳಗೆ ತುರುಕಿದೆ, ನಡುನಡುವೆ ನೆಟ್ಟಗೆರೆ ಎಳೆದು:
ಗಂಜಿ ಇಲ್ಲ | ಸೋಮವಾರ | ಏನೂ ಕೇಳಬೇಡಿ.

ಗಂಗರತ್ನಮ್ಮ, ಮುನಿಚೌಡಪ್ಪನವರ ಸೋದರತ್ತೆ,
ಕರಿಗೇರಿನ ರಸದಲ್ಲಿ ಸೂಜಿ ಅದ್ದುತ್ತ ಇಣುಕಿದರು.
"ಇದೇನ್ ಹೊಸ್ದು ಬುಡಮ್ಮ, ನಾನ್ ಮಾಡಾದೇ ಅಲ್ವಾ."
ಪಂಚೆಯ ಅಂಚು ಮಗುಚಿ ತೋರಿಸಿದರು:
ಒಂದು ಕೊಕ್ಕೆ, ಮೂರು ಚುಕ್ಕಿ, ಅಡ್ಡಗೀಟು.
ಕೊಕ್ಕೆ ಅಂದರೆ ಬೀದಿ, ಚುಕ್ಕಿ ಅಂದರೆ ಮನೆ,
ಅಡ್ಡಗೀಟು?
"ಆವಯ್ಯ ಕುಡೀತಾನೆ. ಜೇಬ್ ನೋಡಿ ಒಗೀಬೇಕು."

ಜೂನಿನ ಒಂದು ಸಂಜೆ ಕರೆಂಟು ಹೋಯಿತು,
ಯುಪಿಎಸ್ ಕುಂಯ್ಗುಟ್ಟಿ ಸತ್ತಿತು.
ಮತ್ತೆ ಬಂದಾಗ ಅರವತ್ತು ಗುಂಡಿಯೂ ಹಾಜರು, ಹೆಸರೂ ಹಾಜರು,
ಜೇಬುಗಳು ಮಾತ್ರ ಖಾಲಿ.
ಫಾರಂ ಮುಚ್ಚುವ ತನಕವೇ ಟ್ಯಾಗಿನ ಆಯುಷ್ಯ. ನನಗೆ ಗೊತ್ತಿತ್ತು.
ಡಿಸ್ಕಿಗೆ ಇಳಿಸುವ ಎರಡು ಸಾಲನ್ನು ನಾಳೆಗೆ ಬಿಟ್ಟಿದ್ದೆ,
ಆ ನಾಳೆಗೆ ಮೂರು ವಾರ.
ರಾತ್ರಿಯೂ ಕಂಪ್ಯೂಟರು ಆರಿಸಬೇಡಿ ಅಂದಿದ್ದೆ,
ಯಾಕೆ ಅಂತ ಹೇಳಿರಲಿಲ್ಲ.

ಗಂಗರತ್ನಮ್ಮ ಬೈಯಲಿಲ್ಲ. ಸ್ಟೂಲು ಎಳೆದುಕೊಂಡು
ಗೂಡಿನಿಂದ ಗೂಡಿಗೆ ಅಂಚು ಮಗುಚುತ್ತ ಓದಿದರು,
ನಾನು ಟೈಪು ಮಾಡುತ್ತ ಹೋದೆ.
ಐವತ್ತೆರಡರ ಸಫಾರಿಗೆ ಬಂದಾಗ
ಗುರುತನ್ನು ಹೆಬ್ಬೆರಳಿಂದ ಸವರಿ, ಸ್ವಲ್ಪ ತಡೆದು,
"ಇದುಕ್ ಬರೀಬ್ಯಾಡ," ಅಂದರು, "ನಂಗೆ ನೆಪ್ಪಿರ್ತದೆ."
ಆ ಟ್ಯಾಗು ಇವತ್ತಿಗೂ ಖಾಲಿ.

ಹೋದ ವಾರ ನನ್ನದೇ ಸೀರೆ ಅಲ್ಲಿಂದ ಬಂತು.
ಸೆರಗಿನ ಒಳಮಗ್ಗುಲಲ್ಲಿ ಎರಡು ಚುಕ್ಕಿ, ಒಂದು ಸೊನ್ನೆ,
ಸೊನ್ನೆಗೊಂದು ಬಾಲ.
ಚುಕ್ಕಿ ಗೊತ್ತು. ಬಾಲದ ಸೊನ್ನೆ ಏನೆಂದರೆ
ಇಸ್ತ್ರಿಪೆಟ್ಟಿಗೆಯ ಕೆಂಡ ಊದುತ್ತ
"ಅದು ನಮ್ಗೆ ಕಣಮ್ಮ, ನಿಂಗಲ್ಲ," ಅಂದು ನಕ್ಕರು.
ಮುನಿಚೌಡಪ್ಪ ಕ್ಯಾಲ್ಕುಲೇಟರಿನಿಂದ ತಲೆಯನ್ನೇ ಎತ್ತಲಿಲ್ಲ.

ಸಂಪಿಗೆ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ
ಸೆರಗು ಮಗುಚಿ ಮಗುಚಿ ನೋಡುತ್ತಿದ್ದೇನೆ.
ಪಕ್ಕದ ಹೆಂಗಸು, "ಕಲೆಯಾ? ಹೋಗಲ್ಲ ಅದು," ಅನ್ನುತ್ತಾಳೆ.
ಹೂಂ, ಹೋಗಲ್ಲವಂತೆ.