ಕಿರುಬೆರಳು

"ಗಿಳಿ ನನ್ನ ದನಿಯನ್ನು ಎಮ್ಯುಲೇಟ್ ಮಾಡಿತು"
ಎಂದು ಬರೆದಿದ್ದೆ.
ಫಿಲೋಮಿನಾ ಮಿಸ್ಸು ಕೆಂಪಿನಲ್ಲಿ ಗೀಚಿ,
"ಗಿಳಿಗೇನಮ್ಮ, ನಿನ್ನ ಹಾಗಾಗೋ ಹಂಬಲವೇ?
ಅದು ಬರೀ ಮಿಮಿಕ್.
ಎಮ್ಯುಲೇಟಿಗೆ ಮೆಚ್ಚಿದವರೊಬ್ಬರು ಬೇಕು,
ಅವರಿಗೆ ಸರಿಗಟ್ಟುವ ಹಟ ಬೇಕು" ಅಂದರು.

ಮಂಡಿ ಮೊಹಲ್ಲಾದ ಗಲ್ಲಿಯಲ್ಲಿ ಅಬ್ಬಾ
ಬೀಟೆ ಹಲಗೆಯೊಳಗೆ
ಹಲಸಿನ ಚೂರಿನ ಆನೆಕಿವಿ ಕೂರಿಸುತ್ತಿದ್ದರು.
ಉಸ್ತಾದ್ ಖಲೀಲರ ಕಿರುಬೆರಳು
ಗರಗಸಕ್ಕೆ ಸಿಕ್ಕಿ ಸೊಟ್ಟಗಾಗಿತ್ತು.
ಅಬ್ಬಾನದು ನೆಟ್ಟಗಿದೆ;
ಉಳಿ ಹಿಡಿದಾಗ ಮಾತ್ರ ಬಾಗುತ್ತದೆ
ಅದೇ ಕಡೆಗೆ, ಅಷ್ಟೇ ಸೊಟ್ಟ.

ಉಸ್ತಾದ್ ಹೋಗಿ ಏಳು ವರ್ಷ.

ನೋಟುಬುಕ್ಕಿನ ಅಂಚಿನಲ್ಲಿ
ಎರಡೂ ಕ್ರಿಯಾಪದ ಬರೆದೆ.
ಯಾವುದನ್ನು ಹೊಡೆದುಹಾಕಲಿ?
ಹಾಳೆಯ ಮೇಲೆ ಕೂತ ಮರದ ಹುಡಿಯನ್ನು
ಊದಿದೆ, ಅಷ್ಟೆ.