ತೊಂಬತ್ತರ ರೈಲು

ತೊಂಬತ್ತೇಳು, ನೂರಾ ಎರಡು, ತೊಂಬತ್ನಾಲ್ಕು, ತೊಂಬತ್ತೊಂದು.
ಕಳೆದ ನಾಲ್ಕು ಶನಿವಾರಗಳು ಫ್ರಿಜ್ಜಿನ ಬಾಗಿಲಲ್ಲಿ
ಹಾಲಿನ ಲೆಕ್ಕದ ಪಕ್ಕ ಅಂಟಿಕೊಂಡಿವೆ.
ಎಲ್‌ಐಸಿಯಲ್ಲಿ ಮೂವತ್ತೊಂದು ವರ್ಷ
ಪರರ ಆಯುಸ್ಸು ಗುಣಿಸಿದವಳಿಗೆ
ಈಗ ಎಂಬತ್ತೊಂಬತ್ತು ಬೇಕು. ವಯಸ್ಸಲ್ಲ, ಸ್ಕೋರು.

ರಸ್ತೆ ತುಂಬ ಗುಂಡಿ ಪುಕ್ಕಟೆ ಸಿಗುವ ಊರಲ್ಲಿ
ಚಂದಾ ಕಟ್ಟಿ ಹದಿನೆಂಟು ಗುಂಡಿ ಹುಡುಕಲು
ಐದೂವರೆಗೆ ಹೊರಡುತ್ತೇನೆ, ದೊಮ್ಮಲೂರು ದಾಟಿ.
ಸಿಗ್ನಲ್ಲುಗಳಿಗೂ ಆಗ ತೂಕಡಿಕೆ;
ಹಳದಿ ಕಣ್ಣು ಪಿಳುಕಿಸಿ ಹೋಗು ಎನ್ನುತ್ತವೆ.

ಮೂರು ವಾರ ಮಳೆ. ಫೇರ್‌ವೇ ನೆನೆದ ಕಂಬಳಿ,
ಬಿದ್ದ ಚೆಂಡು ಬಿದ್ದಲ್ಲೇ ಹೂತು
ಎತ್ತಿದರೆ ಮುಖ ತುಂಬ ಕೆಮ್ಮಣ್ಣು.
ಬಂಕರಿನ ಮರಳು ತಣ್ಣಗಾದ ಉಪ್ಪಿಟ್ಟಿನ ಹಾಗೆ ಗಟ್ಟಿ.
ಗ್ರೀನು ಉಸಿರಾಡಲೆಂದು
ಚಕ್ಕುಲಿ ಅಚ್ಚಿನಂತೆ ತೂತು ಹೊಡೆದು ಮರಳು ಎರಚಿದ್ದಾರೆ.
ಕೆರೆ ಕಡೆಯ ಗಾಳಿಗೆ ಯಾವ ವಾಸನೆ ಎಂದು ಯಾರೂ ಹೇಳುವುದಿಲ್ಲ,
ಎಲ್ಲರಿಗೂ ಗೊತ್ತು.

ಕರ್ನಲ್ ಕುಟ್ಟಪ್ಪ ಇಂಥ ನೆಲದಲ್ಲೂ ಡ್ರೈವರನ್ನೇ ಹಿರಿಯುತ್ತಾರೆ.
ಚೆಂಡು ನೀಲಗಿರಿ ತೋಪಿಗೆ. ಇನ್ನೊಂದು. ಅದೂ ಅಲ್ಲಿಗೇ.
ಹಲ್ಲಿನ ಡಾಕ್ಟರ್ ಸಬೀಹಾ ಪಟ್ ಮಾಡುವಾಗ
ಯಾರದೋ ದವಡೆಯಲ್ಲಿ ಬೇರು ಹುಡುಕುವವಳಂತೆ ಉಸಿರು ಹಿಡಿಯುತ್ತಾಳೆ.
ಎಚ್‌ಎಎಲ್‌ನ ವಿಮಾನವೊಂದು ಆಕಾಶ ಹರಿದರೆ
ತಪ್ಪಿದ ಹೊಡೆತಕ್ಕೆ ಒಂದು ನೆಪ.

ನನ್ನ ಚೀಲ ಹೊರುವುದು ಚಲ್ಲಘಟ್ಟದ ಪಿಳ್ಳಮ್ಮ.
"ಪಾರ್ ಗೀರ್ ಅಂತ ಆಸೆ ಪಡಬ್ಯಾಡಿ ಮೇಡಂ.
ನಾಕಿದ್ರೆ ಐದು ಅಂದ್ಕಳಿ, ಐದಿದ್ರೆ ಆರು.
ಒಂದೊಂದೇ ಬೋಗಿ ಜೋಡಿಸ್ಕಂಡು ಹೋಗಿ."

ಬೋಗಿ! ಎಷ್ಟು ಸರಿ.
ಹದಿನೆಂಟು ಬೋಗಿ ಕೊಂಡಿ ಹಾಕಿದರೆ ತೊಂಬತ್ತರ ರೈಲು,
ಅದನ್ನು ಎಂಬತ್ತೊಂಬತ್ತಕ್ಕೆ ಎಳೆಯಲು ಬೇಕಾದದ್ದು
ಒಂದೇ ಒಂದು ಪಾರ್, ಎಂಜಿನ್ನಿನ ಹಾಗೆ.

ಮೂರನೆಯದು ಹಳಿ ತಪ್ಪಿತು,
ಉಪ್ಪಿಟ್ಟು ಎರಡು ಸಲ ಕೆದಕಿ ಆರು.
ಒಂಬತ್ತರಲ್ಲಿ ಪಾರ್. ಪಾರಾದೆ.
ಕೂಗಬೇಕೆನಿಸಿತು, ಕರ್ನಲ್ ಇನ್ನೂ ತೋಪಿನಲ್ಲಿದ್ದರು, ಸುಮ್ಮನಾದೆ.
ಹದಿನಾಲ್ಕರಲ್ಲಿ ಮತ್ತೊಂದು:
ಹಾದಿ ಬಿಟ್ಟ ಚೆಂಡು ಸ್ಪ್ರಿಂಕ್ಲರ್ ಮುಚ್ಚಳಕ್ಕೆ ತಾಗಿ
ಒಳಗೇ ನೆಗೆಯಿತು.
ಅದೃಷ್ಟಕ್ಕೆಂದು ಕಾರ್ಡಿನಲ್ಲಿ ಕಾಲಂ ಇಲ್ಲ.

ಹದಿನೆಂಟು. ಐದಕ್ಕೆ ಮುಗಿಸಿದರೆ ಎಂಬತ್ತೊಂಬತ್ತು.
ಏಳನೇ ಐರನ್. ಮತ್ತೆ ಏಳನೇ ಐರನ್.
ಹಳ್ಳದ ಈಚೆಗೇ ನಿಂತು, ಜೀರಿಗೆ ಆರಿಸುವಷ್ಟು ಜೋಪಾನವಾಗಿ,
ವೆಜ್ಜಿನಿಂದ ಮೇಲಕ್ಕೆ. ಮೂರು.
ಬಾವುಟ ಮಾತ್ರ ತಾರಸಿ ಅಂಚಿನ ಬೆಕ್ಕಿನಂತೆ
ಇಳಿಜಾರಿನ ತುದಿಯಲ್ಲಿ.
ಮೊದಲ ಪಟ್ ಅದರ ಮೈ ಸವರಿ ಐದಡಿ ಕೆಳಕ್ಕೆ ಹೋಯಿತು.
ಎರಡನೆಯದು ಹತ್ತಿತು, ಹತ್ತಿತು,
ಮರಳಿನಲ್ಲಿ ತೊದಲಿ
ಒಂದು ಗೇಣು ಮುಂಚೆ ನಿಂತಿತು.

ನಿಂತ ಜಾಗ ನೋಡಿದೆ. ಪೂರಿಯಷ್ಟು ದುಂಡಗೆ
ಬೇರೆಯದೇ ಹಸಿರು.
ನಿನ್ನೆಯ ಗುಂಡಿ. ತುಂಬಿ, ತಟ್ಟಿ, ಮುಚ್ಚಿದ್ದಾರೆ.
ಅದರ ನಡುಮಧ್ಯದಲ್ಲಿ ನನ್ನ ಚೆಂಡು.

ಪಿಳ್ಳಮ್ಮ ನೆಲ ನೋಡಿದಳು, ಆಮೇಲೆ ನನ್ನ.
"ನಮ್ಮೋರ್ದೇ ಕೆಲ್ಸ ಮೇಡಂ. ಬೆಳಗ್ಗೆದ್ದು ಗುಂಡಿ ತೋಡೋದು ಅವ್ರೇಯ.
ರಾತ್ರಿ ಚೀಟಿ ದುಡ್ಡಿಗೆ ಜಗಳ ಆಯ್ತು.
ಸಿಟ್ಟಿಗೆ ದೂರ ನಡೀದೆ ಪಕ್ಕದಾಗೇ ತೋಡವ್ರೆ."

ಗಡುವು ಮುಗಿದ ಮರುದಿನ ಬಂದ ಕಂತುಗಳನ್ನು
ಕೌಂಟರಿನಾಚೆ ಎಷ್ಟು ಸಲ ತಳ್ಳಿದ್ದೇನೆ ನಾನು,
ಸೀರೆ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುವ ಹೆಂಗಸರ ಕಡೆಗೆ,
ತಲೆಯೆತ್ತದೆ.

ತೊಂಬತ್ತು ಎಂದು ಬರೆದೆ. ಸಬೀಹಾ ಸಾಕ್ಷಿ ಹಾಕಿದಳು.
ಗೇಟಿನ ಬಳಿ ಚೀಲ ಇಳಿಸುತ್ತ ಪಿಳ್ಳಮ್ಮ ಅಂದಳು:
"ಬರೋ ಶುಕ್ರವಾರ ರಾತ್ರಿ ಕೋಳಿ ಸಾರು ಮಾಡ್ತೀನಿ ಬಿಡಿ.
ಸಮಕ್ಕಿರೋ ಕಡೆ ತೋಡ್ತಾರೆ."