ಖಳಿ ಡಬ್ಬಿ

ಗದಗಿನ ಪ್ರೆಸ್ಸಿನ್ಯಾಗ ಇಪ್ಪತ್ತಾರು ವರ್ಷ
ಮಂದಿ ಖಾತೆ-ಖಿರ್ಡಿ ಹೊಲದಾಂವ ನಾ.
ಇವತ್ತ ನನ್ನ ರಕ್ತದ ಲೆಕ್ಕ
ಒಂದ ಹಾಳಿಮ್ಯಾಲ ಬಂದೈತಿ.

ಮೊದಲ ಕಂಡದ್ದು ತಪ್ಪು:
ಹೊಂಬಳ ಅನ್ನೂದು ಹೊಂಬಾಳೆ ಆಗೇತಿ.
ಕೆಂಪು ಪೆನ್ನು ತಗದು ತಿದ್ದಿದೆ.
ಅಂಕಿ ತಿದ್ದಾಕ ಬರಲಿಲ್ಲ.

ಎಲ್‌ಡಿಎಲ್ ನೂರಾ ಅರವತ್ತೆರಡು,
ಎಚ್‌ಡಿಎಲ್ ಮೂವತ್ನಾಕು.
"ಇದು ಇಳೀಬೇಕು, ಅದು ಏರಬೇಕು" ಅಂದ್ರು ಡಾಕ್ಟರಮ್ಮ,
"ಒಂದು ಗೋಡಿಗೆ ಹತ್ತತೈತಿ, ಒಂದು ಬಳದು ಒಯ್ತೈತಿ."
"ನೋವು ಎಲ್ಲೂ ಇಲ್ಲಲ್ರೀ?"
"ಅದಕ್ಕ ನೋವು ಗೊತ್ತಿಲ್ಲ. ಬರೇ ಅಂಕಿಯೊಳಗ ಮಾತಾಡತೈತಿ."

ನನಗ ಖಳಿ ಡಬ್ಬಿ ನೆನಪಾತು.
ದಿನಾ ಒಂದು ಪದರ, ಉಗುರಿನಷ್ಟೂ ಅಲ್ಲ,
ಒಣಗಿ, ಮತ್ತ ಒಣಗಿ,
ಒಂದಿನ ಬ್ರಷ್ಷ ಒಳಗ ಇಳೀಲಿಲ್ಲ.

ನಲವತ್ತೊಂಬತ್ತಕ್ಕ ಅಪ್ಪನ ಖಾತೆ ಮುಚ್ಚಿತು.
"ಗಟ್ಟಿ ಆಳು" ಅಂತಿದ್ರು ಎಲ್ಲಾರೂ.
ಯಾರೂ ಅವನ ರಕ್ತ ಅಳದು ನೋಡಿರಲಿಲ್ಲ.
ನನಗೀಗ ನಲವತ್ತೇಳು.

ನಾಕು ಗಂಟೆಕ್ಕ ದಾವಲಸಾಬ
ಹಳೇ ಪ್ರೂಫಿನ್ಯಾಗ ಮಿರ್ಚಿ ಕಟಿಗೊಂಡು ಬಂದ.
ಎಣ್ಣಿ ಕುಡದ ಹಾಳ್ಯಾಗ
ಹಿಂದಿನ ಪುಟದ ಅಕ್ಷರ ಮುಂದ ಕಾಣತಿದ್ವು, ಉಲ್ಟಾ.
ಒಂದು ತಿಂದೆ. ಸುಳ್ಳ ಯಾಕ ಹೇಳ್ಲಿ?
ಮೂರು ತಿಂತಿದ್ದೆ ಮೊದಲು.

ಸಂಜಿಕ ಸೈಕಲ್ ಅಲ್ಲೇ ಬಿಟ್ಟು
ಭೀಷ್ಮ ಕೆರಿ ಹಾದಿ ಹಿಡದು ನಡದೆ.
ಚಪ್ಪಲಿ ಕಚ್ಚಿತು, ನಾಯಿ ಬೊಗಳಿತು,
ಮೂರು ತಿಂಗಳ ಮ್ಯಾಲಿನ ತಾರೀಖು
ತಲ್ಯಾಗ ಬರಕೋತ ಹೊಂಟೆ.

ಮನ್ಯಾಗ ನೀಲವ್ವ ಹಾಳಿ ಬೆಳಕಿಗೆ ಹಿಡದಳು,
ಎಣ್ಣಿ ಡಬ್ಬಿ ಕಡೆ ಒಮ್ಮೆ ನೋಡಿದಳು,
ಬೈತಾಳ ಅಂತ ಕಾದೆ.
"ನಂದೂ ತಗಸ್ರಿ" ಅಂದಳು, ಸಣ್ಣ ದನಿಲೆ,
"ಹೆಸರರೆ ಸರಿ ಬರಿಯಾಕ ಹೇಳ್ರಿ."